ಜೈಲಿನ ಚರ್ಚಾಕೂಟದಿಂದ ಆಕ್ಸ್‌ಫರ್ಡ್ ವೇದಿಕೆಗೆ: ಮಾಲ್ಕಂ ಎಕ್ಸ್

ಮಾಲ್ಕಂ ಎಕ್ಸ್ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. 1925ರಲ್ಲಿ ಅಮೆರಿಕದ ಒಮಾಹಾದಲ್ಲಿ ಜನನ. ಕ್ಲಾಸಿನಲ್ಲಿ ಮುಂದಿದ್ದ ಹುಡುಗ ವಕೀಲನಾಗ್ತೇನೆ ಅಂದಾಗ, ಕರಿಯರಿಗೆ ಅದು ಆಗುವ ಮಾತಲ್ಲ, ಬಡಗಿ ಕೆಲಸ ನೋಡಿಕೋ ಎಂದು ಮಾಸ್ಟ್ರೇ ಹೇಳಿಬಿಟ್ಟರು. ಎಂಟನೇ ತರಗತಿಗೆ ಶಾಲೆ ನಿಂತಿತು. 1946ರಲ್ಲಿ ಕಳ್ಳತನದ ಕೇಸಿನಲ್ಲಿ ಜೈಲು.

ಮುಂದೆ ಸೇರಿದ ನಾರ್ಫೋಕ್ ಜೈಲಿನಲ್ಲಿ ದೊಡ್ಡ ಲೈಬ್ರರಿ ಇತ್ತು, ಕೈದಿಗಳದ್ದೇ ಚರ್ಚಾ ತಂಡವೂ ಇತ್ತು. ಹೊರಗಿನ ಕಾಲೇಜು ವಿದ್ಯಾರ್ಥಿಗಳು ಬಂದು ಅವರೆದುರು ವಾದಕ್ಕೆ ನಿಲ್ತಿದ್ದರು! ಪದಗಳು ಸಾಲದೆ ಮಾಲ್ಕಂ ನಿಘಂಟನ್ನೇ ಮೊದಲ ಪುಟದಿಂದ ಕೈಯಾರೆ ಬರೆದು ಕಲಿತರು. ಪರವೋ ವಿರೋಧವೋ, ಯಾವ ಕಡೆ ಸಿಕ್ಕಿದರೂ ಎದುರಾಳಿಯ ಜಾಗದಲ್ಲಿ ನಿಂತು ಯೋಚಿಸಿಯೇ ತಯಾರಾಗ್ತಿದ್ದರು.

ಜೈಲಿನಲ್ಲಿದ್ದಾಗ ನೇಷನ್ ಆಫ್ ಇಸ್ಲಾಂ ಸೇರಿದ್ದವರು 1964ರಲ್ಲಿ ಅದನ್ನು ಬಿಟ್ಟು ಹಜ್ ಮಾಡಿದರು. ಅದೇ ಡಿಸೆಂಬರ್ 3ರಂದು ಆಕ್ಸ್‌ಫರ್ಡ್ ಯೂನಿಯನ್‌ನಲ್ಲಿ, ಸ್ವಾತಂತ್ರ್ಯದ ರಕ್ಷಣೆಗೆ ಅತಿರೇಕಕ್ಕಿಳಿದರೂ ತಪ್ಪಲ್ಲ ಎಂಬ ವಿಷಯದ ಪರ ಮಾತಾಡಿದರು. 137-228 ಮತಗಳಿಂದ ಸೋಲಾಯಿತು. ಆದರೆ ಗೆದ್ದವರ ಭಾಷಣ ಈಗ ಯಾರು ಕೇಳ್ತಾರೆ? ಯುವಕರು ಹುಡುಕಿ ನೋಡುವುದು ಸೋತವರದ್ದನ್ನೇ.

1965ರ ಫೆಬ್ರವರಿ 21, ನ್ಯೂಯಾರ್ಕ್. ವೇದಿಕೆಯಲ್ಲಿ ಸಲಾಂ ಹೇಳಿ ಮಾತು ಶುರು ಮಾಡುವಷ್ಟರಲ್ಲಿ ಗುಂಡು ಹಾರಿತು. ಆಗ ಅವರಿಗೆ 39 ವರ್ಷ.