ಗೊಮ್ಮಟನ ಸೀಮೆಗೆ ಬಂದ ಮೀನಿನ ಡಾಕ್ಟರು

ಅಕ್ವೇರಿಯಂ ಅಂಗಡಿಯಲ್ಲಿ ನೀಲಿ ಪಟ್ಟೆಗಳ ಪುಟ್ಟ ಜೀಬ್ರಾ ಮೀನನ್ನು ನೋಡಿರುತ್ತೀರಿ. ಸಮುದ್ರದ ಬಣ್ಣಬಣ್ಣದ ರ‍್ಯಾಸ್ ಮೀನನ್ನು ಮನೆಯಲ್ಲಿ ಸಾಕಬೇಕೆಂದರೆ ಅಳತೆ ತಪ್ಪದ ಉಪ್ಪುನೀರು, ಪಂಪು, ಕೈತುಂಬ ದುಡ್ಡು ಬೇಕು. ಜೀಬ್ರಾ ಮೀನಿಗೆ ನಮ್ಮ ಬಾವಿ ನೀರೇ ಸಾಕು. ಅದನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವನು ಫ್ರಾನ್ಸಿಸ್ ಬುಕಾನನ್. ಕೆಎಎಸ್‌ಗೆ ಓದುವವರಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದವನು ಈತನೇ. 1807ರಲ್ಲಿ ಅಚ್ಚಾದ ಆತನ ಪ್ರವಾಸದ ಮೂರು ಸಂಪುಟಗಳಲ್ಲಿ ಶ್ರವಣಬೆಳಗೊಳದ ಗೊಮ್ಮಟ, ಇಲ್ಲಿನ ಜೈನರ ವಿಷಯವೂ ಬರುತ್ತದೆ.

ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನ ಕ್ಯಾಲಂಡರ್‌ನಲ್ಲಿ. ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದ. ಹಡಗಿನ ಡಾಕ್ಟರಾಗಿ ಅಲೆದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯ ಸೇವೆಗೆ ಸೇರುವಾಗ ವಯಸ್ಸು ಮೂವತ್ತು ದಾಟಿತ್ತು. ಕಂಪನಿಗೆ ಬೇಕಿದ್ದುದು ಭೂಮಿ, ಬೆಳೆ, ಕಸುಬುಗಳ ಲೆಕ್ಕ. ಅದನ್ನು ಆತ ಅಚ್ಚುಕಟ್ಟಾಗಿ ಒಪ್ಪಿಸಿದ. ನಿಜ ಹೇಳಬೇಕೆಂದರೆ ಅದು ಗೆದ್ದ ನಾಡಿನ ಆಸ್ತಿಪಟ್ಟಿ. ಮೀನು ಮಾತ್ರ ಆತನ ಸ್ವಂತ ಹುಚ್ಚು. 1807ರಿಂದ 1814ರವರೆಗೆ ಬಂಗಾಳದ ಸಮೀಕ್ಷೆಗೆ ಊರೂರು ತಿರುಗುವಾಗಲೂ ಅಲ್ಲಲ್ಲಿ ಸಿಕ್ಕ ಮೀನುಗಳ ವಿವರ ಬರೆದುಕೊಂಡ, ಚಿತ್ರ ಬರೆಸಿದ.

ನನಗೆ ಮೆಚ್ಚುಗೆಯಾಗುವುದು ಆತ ಹೆಸರಿಟ್ಟ ರೀತಿ. ಅಧಿಕಾರಿಗಳ ಹೆಸರು ಅಂಟಿಸದೆ, ಅನೇಕ ಮೀನುಗಳಿಗೆ ಅಲ್ಲಿನ ಜನ ಕರೆಯುತ್ತಿದ್ದ ಹೆಸರನ್ನೇ ಉಳಿಸಿದ. ರೋಹಿತ, ಕಾಟ್ಲಾ, ಮೃಗಾಲ ಎಲ್ಲವೂ ಹೀಗೆಯೇ ವಿಜ್ಞಾನದ ಪುಸ್ತಕ ಸೇರಿದವು. ನಮ್ಮ ಕೆರೆಗಳಿಗೆ ಇಲಾಖೆಯವರು ಬಿಡುವ ಮರಿಗಳೂ ಇವೇ.

1815ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಹೊರಟಾಗ ದೊಡ್ಡ ಪೆಟ್ಟು ಬಿತ್ತು. ವರ್ಷಗಟ್ಟಲೆ ಬರೆಸಿದ್ದ ಚಿತ್ರಗಳನ್ನು ಒಯ್ಯಲು ಗವರ್ನರ್ ಜನರಲ್ ಲಾರ್ಡ್ ಮೊಯಿರಾ ಬಿಡಲಿಲ್ಲ. ಅವು ಕಲ್ಕತ್ತದಲ್ಲೇ ಉಳಿದವು. ಬುಕಾನನ್ ಕೈಚೆಲ್ಲಿ ಕೂರಲಿಲ್ಲ. ಏಳು ವರ್ಷಗಳ ನಂತರ, 1822ರಲ್ಲಿ, ಗಂಗಾ ನದಿಯ ಮೀನುಗಳ ಪುಸ್ತಕ ಹೊರತಂದ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಜೀಬ್ರಾ ಮೀನು 'ರೇರಿಯೊ' ಎಂಬ ಹೆಸರಿನಲ್ಲಿದೆ. ಅಷ್ಟರಲ್ಲಿ ತಾಯಿಯ ಕಡೆಯ ಆಸ್ತಿ ಬಂದು ಆತ ಹ್ಯಾಮಿಲ್ಟನ್ ಆಗಿದ್ದ. ಮೀನಿನ ಪುಸ್ತಕಗಳಲ್ಲಿ ಬುಕಾನನ್ ಎಂದು ಹುಡುಕಿದರೆ ಸಿಗದಿರುವುದು ಅದಕ್ಕೇ.

1829ರಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ. ಗಾಜಿನಂಥ ಮೊಟ್ಟೆಯೊಳಗೆ ಮರಿಯ ಹೃದಯ ಬಡಿಯುವುದು ಹೊರಗಿನಿಂದಲೇ ಕಾಣುತ್ತದೆಂದು ರೇರಿಯೊವನ್ನು ಈಗ ಪ್ರಪಂಚದ ಪ್ರಯೋಗಾಲಯಗಳಲ್ಲಿ ತೊಟ್ಟಿಗಟ್ಟಲೆ ಸಾಕುತ್ತಾರೆ.