ತುಲಾಭಾರಂ: ತಾಯಿಯನ್ನು ಕಟಕಟೆಗೆ ತಂದು ಸಮಾಜದ ವಿಚಾರಣೆ ನಡೆಸಿದ ತೋಪ್ಪಿಲ್ ಭಾಸಿ

ಹಸಿವು ತಾಳಲಾರದೆ ಮಕ್ಕಳಿಗೆ ವಿಷ ಕೊಟ್ಟು ತಾನೂ ಕುಡಿದ ತಾಯಿ. ಮಕ್ಕಳು ಸತ್ತವು, ಆಕೆ ಬದುಕಿಬಿಟ್ಟಳು. ಈಗ ಕೊಲೆ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಂತಿದ್ದಾಳೆ. ಆಕೆಯ ವಿರುದ್ಧ ಸರ್ಕಾರದ ಪರ ವಾದಿಸುವವಳು ಕಾಲೇಜು ದಿನಗಳ ಗೆಳತಿ!

1968ರಲ್ಲಿ ತೆರೆಕಂಡ ಮಲಯಾಳಂನ ಕಪ್ಪು-ಬಿಳುಪು ಚಿತ್ರ ‘ತುಲಾಭಾರಂ’ ಕಥೆ ಇದು. ಕೆಪಿಎಸಿ ತಂಡಕ್ಕಾಗಿ ನಾಟಕ ಬರೆದು, ಬಳಿಕ ಅದನ್ನೇ ಚಿತ್ರಕಥೆಯಾಗಿಸಿದವರು ತೋಪ್ಪಿಲ್ ಭಾಸಿ. ಆರೋಪಿಯಾಗಿ ಬದುಕುವುದು ಏನೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ವೈದ್ಯನಾಗಬೇಕಿದ್ದವರು ತಲೆಮರೆಸಿಕೊಂಡರು

ಭಾಸಿ ಹುಟ್ಟಿದ್ದು 1924ರಲ್ಲಿ, ಈಗಿನ ಆಲಪ್ಪುಳ ಜಿಲ್ಲೆಯ ವಳ್ಳಿಕುನ್ನಂನಲ್ಲಿ. ತಿರುವನಂತಪುರದ ಆಯುರ್ವೇದ ಕಾಲೇಜಿನಲ್ಲಿ ಓದಿದರೂ ಅವರನ್ನು ಸೆಳೆದದ್ದು ಕಮ್ಯುನಿಸ್ಟ್ ಚಳವಳಿ. 1949ರ ಕೊನೆಯ ರಾತ್ರಿ ಶೂರನಾಡಿನಲ್ಲಿ ನಡೆದ ಘರ್ಷಣೆಯಲ್ಲಿ ಪೊಲೀಸರು ಹತರಾದರು. ಆರೋಪಿಗಳ ಪಟ್ಟಿಯಲ್ಲಿ ಭಾಸಿ ಹೆಸರೂ ಇತ್ತು.

ಊರೂರು ಅಲೆದು ಅಡಗಿದ್ದಾಗಲೇ ‘ಸೋಮನ್’ ಎಂಬ ಹೆಸರಿನಲ್ಲಿ ‘ನಿಙ್ಙಳೆನ್ನೆ ಕಮ್ಯುನಿಸ್ಟಾಕ್ಕಿ’ ನಾಟಕ ಬರೆದರು. ‘ನೀವು ನನ್ನನ್ನು ಕಮ್ಯುನಿಸ್ಟ್ ಮಾಡಿದಿರಿ’ ಎಂಬುದು ಇದರರ್ಥ. 1952ರಲ್ಲಿ ರಂಗಕ್ಕೆ ಬಂದ ನಾಟಕವನ್ನು ಮರುವರ್ಷ ಸರ್ಕಾರ ನಿಷೇಧಿಸಿತು. ಆದರೂ ಜನಪ್ರಿಯತೆ ಕುಗ್ಗಲಿಲ್ಲ. 1954ರಲ್ಲಿ ಭಾಸಿ ತಿರು-ಕೊಚ್ಚಿ ವಿಧಾನಸಭೆಗೆ, 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಆಯ್ಕೆಯಾದರು. ಪೊಲೀಸರು ಹುಡುಕುತ್ತಿದ್ದ ವ್ಯಕ್ತಿ ಶಾಸಕರಾಗಿದ್ದರು.

ರಂಗದಿಂದ ತೆರೆಗೆ

ಶಾಸಕರಾದ ಮೇಲೂ ಲೇಖನಿ ನಿಲ್ಲಲಿಲ್ಲ. ಕುಷ್ಠರೋಗ ವಾಸಿಯಾದರೂ ಮನೆಯವರು ಒಪ್ಪಿಕೊಳ್ಳದ ಯುವತಿಯ ಕಥೆ ‘ಅಶ್ವಮೇಧಂ’ ನಾಟಕವಾಗಿ ಗೆದ್ದು, 1967ರಲ್ಲಿ ಎ. ವಿನ್ಸೆಂಟ್ ನಿರ್ದೇಶನದಲ್ಲಿ ಸಿನಿಮಾ ಆಯಿತು. ಮರುವರ್ಷ ಅದೇ ಜೋಡಿ ‘ತುಲಾಭಾರಂ’ ಕೊಟ್ಟಿತು. ಛಾಯಾಗ್ರಾಹಕರಾಗಿ ಹೆಸರು ಮಾಡಿದ್ದ ವಿನ್ಸೆಂಟ್‌ಗೆ ನೆರಳು-ಬೆಳಕಿನ ಹದ ಗೊತ್ತಿತ್ತು.

ವಿಜಯಾ ಪಾತ್ರದಲ್ಲಿ ಶಾರದಾ, ಕಾರ್ಮಿಕ ನಾಯಕನಾದ ಗಂಡನಾಗಿ ಪ್ರೇಮ್ ನಜೀರ್, ವಕೀಲೆ ಗೆಳತಿಯಾಗಿ ಶೀಲಾ. ತಂದೆಯ ಆಸ್ತಿ ಮೊಕದ್ದಮೆಯಲ್ಲಿ ಹೋಯಿತು, ಗಂಡ ಮುಷ್ಕರದ ವೇಳೆ ಕೊಲೆಯಾದ. ಉಳಿದದ್ದು ಹಸಿದ ಮಕ್ಕಳು ಮಾತ್ರ.

ಕೃಷ್ಣನ ತುಲಾಭಾರದಲ್ಲಿ ಒಂದು ತುಳಸೀದಳಕ್ಕೆ ತಕ್ಕಡಿ ವಾಲಿತು. ಭಾಸಿಯ ತಕ್ಕಡಿಯಲ್ಲಿ ಒಂದು ಕಡೆ ಕಾನೂನು, ಇನ್ನೊಂದು ಕಡೆ ಬಡತಾಯಿಯ ಬದುಕು. ಮಕ್ಕಳು ಹಸಿದಾಗ ಬಾರದ ಕಾನೂನು, ಸತ್ತ ಮೇಲೆ ಏಕೆ ಬಂತು ಎಂಬುದೇ ಚಿತ್ರದ ಪ್ರಶ್ನೆ.

ಈ ಪಾತ್ರಕ್ಕಾಗಿ ಶಾರದಾ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಪಡೆದು ‘ಊರ್ವಶಿ ಶಾರದಾ’ ಎಂದೇ ಹೆಸರಾದರು. ತೆಲುಗು, ತಮಿಳು, ಹಿಂದಿಗೂ ಚಿತ್ರ ರೀಮೇಕ್ ಆಯಿತು. ಮೂರರಲ್ಲೂ ಅವರೇ ನಾಯಕಿ.

1970ರಲ್ಲಿ ಭಾಸಿ ತಮ್ಮ ಮೊದಲ ಪ್ರಸಿದ್ಧ ನಾಟಕವನ್ನು ತಾವೇ ನಿರ್ದೇಶಿಸಿ ತೆರೆಗೆ ತಂದರು. ಅಡಗಿ ಬದುಕಿದ ದಿನಗಳ ನೆನಪುಗಳನ್ನು ‘ಒಳಿವಿಲೆ ಓರ್ಮಕಳ್’ ಎಂಬ ಆತ್ಮಕಥೆಯಲ್ಲಿ ದಾಖಲಿಸಿದರು. 1992ರ ಡಿಸೆಂಬರ್ 8ರಂದು ನಿಧನರಾದರು. ವಿಜಯಾಳನ್ನು ಕಟಕಟೆಗೆ ತಂದದ್ದು ಯಾರು ಎಂಬ ಅವರ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.