ಸೈಕಲ್ ರಿಪೇರಿಯಿಂದ ಶುರುವಾದ ಕಿರ್ಲೋಸ್ಕರ್

ಚಿತ್ರಕಾರನಾಗಬೇಕೆಂದು ಅಪ್ಪನ ಮಾತು ಮೀರಿ ಮುಂಬೈಗೆ ಹೋದ ಹುಡುಗ. ಅಲ್ಲಿ ಹೋದ ಮೇಲೆ ತನ್ನ ಕಣ್ಣಿಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ ಎಂದು ಗೊತ್ತಾದರೆ ಅವನ ಗತಿಯೇನು? ನಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ಬ್ಯಾಗು ಕಟ್ಟಿಕೊಂಡು ಊರ ಬಸ್ಸು ಹತ್ತುತ್ತಿದ್ದೆವೇನೋ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹತ್ತಲಿಲ್ಲ. ಬಣ್ಣ ಕೈಬಿಟ್ಟರು, ಪೆನ್ಸಿಲ್ ಬಿಡಲಿಲ್ಲ. ಬಣ್ಣ ಬೇಡದ ಚಿತ್ರವೊಂದಿದೆಯಲ್ಲ, ಯಂತ್ರದ ಚಿತ್ರ, ಅದನ್ನು ಹಿಡಿದರು. ಇಂಜಿನಿಯರಿಂಗ್ ಡ್ರಾಯಿಂಗ್ ಶೀಟ್ ಮುಂದೆ ಕುಳಿತು ಗೊಣಗುವ ನಮ್ಮಂಥವರು ಈ ಕಥೆಯನ್ನು ಒಮ್ಮೆ ಕೇಳಬೇಕು.

ಕಿರ್ಲೋಸ್ಕರ್ ಎಂದರೆ ನಮ್ಮ ದೊಡ್ಡಮಳೂರಿನ ಕಡೆ ಮನುಷ್ಯನ ಹೆಸರು ಎಂದು ಯಾರೂ ತಿಳಿದಿಲ್ಲ. ತೆಂಗಿನ ತೋಟದ ಪಂಪ್‌ಸೆಟ್ ಮನೆಯಲ್ಲಿ ಗುಂಯ್‌ಗುಡುವ ಮೋಟಾರಿನ ಹೆಸರು ಅದು. ನಾನೂ ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆ. ಮೆಕ್ಯಾನಿಕಲ್ ಓದಲು ಸೇರಿದ ಮೇಲೆ ಗೊತ್ತಾಯಿತು, ಅದೊಬ್ಬ ಮೇಷ್ಟರ ಹೆಸರು. ಆ ಮೇಷ್ಟರು ನಮ್ಮ ಬೆಳಗಾವಿ ಜಿಲ್ಲೆಯವರು. ಅವರು ಮೊದಲು ತೆರೆದದ್ದು ಪಂಪಿನ ಕಾರ್ಖಾನೆಯಲ್ಲ, ಒಂದು ಸೈಕಲ್ ಅಂಗಡಿ.

ಗುರ್ಲಹೊಸೂರಿನ ಹುಡುಗ

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ತಂದೆ ಕಾಶೀನಾಥಪಂತರು ವೇದಾಂತ ಓದಿಕೊಂಡವರು. ಮಗನಿಗೆ ಪಾಠದ ಪುಸ್ತಕಗಳಿಗಿಂತ ಚಿತ್ರ ಮತ್ತು ಯಂತ್ರಗಳ ಮೇಲೆ ಮನಸ್ಸು. 1885ರಲ್ಲಿ, ಅಣ್ಣ ರಾಮಣ್ಣನವರ ಬೆಂಬಲದಿಂದ, ಮುಂಬೈನ ಜೆ.ಜೆ. ಕಲಾಶಾಲೆ ಸೇರಿದರು. ಬಣ್ಣಗುರುಡು ಗೊತ್ತಾದದ್ದು ಅಲ್ಲಿಯೇ. ಯಂತ್ರಚಿತ್ರ ಕಲಿತು, ಮುಂಬೈನ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾದರು.

ನನಗೆ ಇಷ್ಟವಾಗುವುದು ಇದರ ಮುಂದಿನ ಭಾಗ. ಮೇಷ್ಟರ ಕೆಲಸ ಕರಿಹಲಗೆಯ ಮುಂದೆ ಮುಗಿಯುತ್ತಿತ್ತು. ಆದರೆ ಲಕ್ಷ್ಮಣರಾಯರು ಅಲ್ಲಿಗೆ ನಿಲ್ಲಲಿಲ್ಲ. ಶಾಲೆಯ ವರ್ಕ್‌ಶಾಪಿಗೆ ಹೋಗಿ, ತಾವು ಹಲಗೆಯ ಮೇಲೆ ಬರೆಯುವ ಯಂತ್ರ ನಿಜಕ್ಕೂ ಹೇಗೆ ತಿರುಗುತ್ತದೆ ಎಂದು ಮುಟ್ಟಿ ನೋಡಿದರು. ಅವರ ಕೈಯಲ್ಲಿ ಇಂಜಿನಿಯರಿಂಗ್ ಪದವಿ ಇರಲಿಲ್ಲ, ಮುಂದೆಯೂ ಬರಲಿಲ್ಲ. ಯಂತ್ರಗಳ ಬಗ್ಗೆ ಹೊರದೇಶದಿಂದ ಬರುತ್ತಿದ್ದ ಪತ್ರಿಕೆಗಳನ್ನು ಓದುವುದು, ಕಣ್ಣೆದುರಿನ ಯಂತ್ರದ ಜೊತೆ ಹೋಲಿಸುವುದು, ಬಿಚ್ಚುವುದು, ಜೋಡಿಸುವುದು: ಇಷ್ಟೇ ಅವರ ಕಾಲೇಜು.

ಆಗ ಊರಿಗೆ ಹೊಸದಾಗಿ ಬಂದಿದ್ದ ಒಂದು ವಾಹನ ಅವರ ಕಣ್ಣಿಗೆ ಬಿತ್ತು. ಎರಡು ಚಕ್ರದ ಮೇಲೆ ಬೀಳದೆ ಹೋಗುವ ಮನುಷ್ಯ. ಸೈಕಲ್! ಇವತ್ತಿನ ಆಕಾರದ, ಎರಡೂ ಚಕ್ರ ಸಮನಾಗಿರುವ, ಚೈನಿನಿಂದ ಓಡುವ ಸೈಕಲ್ ಇಂಗ್ಲೆಂಡಿನಲ್ಲಿ ಹೆಸರಾದದ್ದೇ 1885ರಲ್ಲಿ. ಡನ್‌ಲಪ್ ಗಾಳಿ ಟೈರು ಮಾಡಿದ್ದು 1888ರಲ್ಲಿ. ಅಂದರೆ ಅದು ಆ ಕಾಲದ ಎಲೆಕ್ಟ್ರಿಕ್ ಕಾರು ಇದ್ದಂತೆ. ಎಲ್ಲರೂ ನಿಂತು ನೋಡುವವರೇ, ಕೆಟ್ಟರೆ ಏನು ಮಾಡಬೇಕೆಂದು ಗೊತ್ತಿದ್ದವರು ಬೆರಳೆಣಿಕೆ.

ಅಣ್ಣ ತಮ್ಮಂದಿರು ಅಲ್ಲಿಯೇ ದಾರಿ ಕಂಡರು. ಲಕ್ಷ್ಮಣರಾಯರು ಮುಂಬೈನಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುವುದು, ರಾಮಣ್ಣನವರು ಅಲ್ಲಿ ಮಾರುವುದು. ಮಾರಿದರೆ ಸಾಲದು, ಕೊಂಡವರಿಗೆ ಓಡಿಸಲು ಬರಬೇಕಲ್ಲ? ಅದನ್ನೂ ಕಲಿಸಿದರು. ಓಡಿಸಿದ ಮೇಲೆ ಕೆಡುತ್ತದಲ್ಲ? ರಿಪೇರಿಯನ್ನೂ ಮಾಡಿದರು. ಕಿರ್ಲೋಸ್ಕರ್ ಸಂಸ್ಥೆಗಳು ಇಂದಿಗೂ ತಮ್ಮ ಹುಟ್ಟಿನ ವರ್ಷವೆಂದು ಎಣಿಸುವುದು 1888ನ್ನು. ಆ ಅಂಗಡಿಯಿದ್ದ ಊರಿನಲ್ಲಿ ಈಗಲೂ ಕಿರ್ಲೋಸ್ಕರ್ ರಸ್ತೆ ಇದೆ.

ಮುಂಬೈ ಶಾಲೆಯಲ್ಲಿ ತಮಗೆ ಸಿಗಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋದಾಗ ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ತಿಂಗಳ ಸಂಬಳ ಬಿಟ್ಟು ರಿಪೇರಿ ಅಂಗಡಿಗೆ! ನಮ್ಮ ಮನೆಗಳಲ್ಲಿ ಹೀಗೆ ಹೇಳಿ ನೋಡಿ, ಏನಾಗುತ್ತದೆ ಎಂದು ನಿಮಗೇ ಗೊತ್ತು.

ರಿಪೇರಿ ಕಲಿಸಿದ ಪಾಠ

ಸೈಕಲ್ ಅಂಗಡಿಯಿಂದ ಲಕ್ಷ್ಮಣರಾಯರು ಮೇವು ಕತ್ತರಿಸುವ ಯಂತ್ರಕ್ಕೆ ಬಂದರು, ಅಲ್ಲಿಂದ ಕಬ್ಬಿಣದ ನೇಗಿಲಿಗೆ. ನೇಗಿಲಿನ ಕಥೆ ಕೆಲಸ ಹುಡುಕುವ ಪ್ರತಿಯೊಬ್ಬರೂ ಓದಬೇಕಾದದ್ದು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದ ಕಾಲ. ನೇಗಿಲು ತಯಾರಾಗಿದೆ, ಕೊಳ್ಳುವವರೇ ಇಲ್ಲ. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಎರಡು ವರ್ಷವೆಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಸೆಮಿಸ್ಟರ್. ನಾಲ್ಕು ಇಂಟರ್‌ವ್ಯೂ ಕೈತಪ್ಪಿದರೆ ಕುಸಿದು ಕೂರುವ ನಾವು ಈ ಎರಡು ವರ್ಷವನ್ನು ನೆನೆಯಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಬೆಳಗಾವಿಯಲ್ಲಿದ್ದ ಜಾಗವನ್ನು ಪುರಸಭೆಯ ಆದೇಶದಿಂದಾಗಿ ಬಿಡಬೇಕಾಯಿತು. ಆಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಜಮೀನು ಕೊಟ್ಟು, ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟರು. ಕಳ್ಳಿ ಬೆಳೆದು ಹಾವು ಹರಿದಾಡುತ್ತಿದ್ದ ಬಂಜರು ಅದು. 1910ರಲ್ಲಿ ಅಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಕಾರ್ಖಾನೆ ಮಾತ್ರವಲ್ಲ, ಕೆಲಸಗಾರರ ಮನೆಗಳೂ ಸೇರಿದ ಊರು.

ಆ ಊರಿಗೆ ಅವರು ಯಾರನ್ನು ಕರೆದುಕೊಂಡರು ನೋಡಿ. ಶಾಲೆ ಅರ್ಧಕ್ಕೆ ಬಿಟ್ಟಿದ್ದ ಅನಂತರಾವ್ ಫಳ್ನೀಕರ್ ಅಲ್ಲಿ ಒಳ್ಳೆಯ ಇಂಜಿನಿಯರ್ ಆದರು. ಪರೀಕ್ಷೆಯಲ್ಲಿ ಫೇಲಾಗಿದ್ದವರು ಮ್ಯಾನೇಜರ್ ಆದರು. ದರೋಡೆ ಮಾಡಿ ಜೈಲು ಕಂಡಿದ್ದ ಇಬ್ಬರು ಕಾರ್ಖಾನೆಯ ನಂಬಿಕೆಯ ಕಾವಲುಗಾರರಾದರು. ಮಾರ್ಕ್ಸ್ ಕಾರ್ಡ್ ನೋಡುವ ಮೊದಲು ಕೈ ನೋಡುವ ಧಣಿ ಅವರಾಗಿದ್ದರು. ತಾವೇ ಹಾಗೆ ಬೆಳೆದವರಲ್ಲವೇ?

ಒಬ್ಬ ಸೈಕಲ್ ರಿಪೇರಿಯವರು ಇಷ್ಟೆಲ್ಲ ಮಾಡಿದ್ದು ಹೇಗೆ ಎಂದು ನಾನು ಬಹಳ ಯೋಚಿಸಿದ್ದೇನೆ. ನನಗೆ ಹೊಳೆದದ್ದು ಇಷ್ಟು. ಹೊಸ ವಸ್ತುವನ್ನು ಕೊಂಡವನಿಗೆ ಅದು ಹೇಗೆ ಓಡುತ್ತದೆ ಎಂಬುದು ಮಾತ್ರ ಗೊತ್ತು. ರಿಪೇರಿ ಮಾಡುವವನಿಗೆ ಅದು ಎಲ್ಲಿ ಸೋಲುತ್ತದೆ ಎಂಬುದೂ ಗೊತ್ತು. ಯಾವ ಬೇರಿಂಗ್ ಬೇಗ ಸವೆಯುತ್ತದೆ, ಯಾವ ನಟ್ಟು ತಾನಾಗಿ ಸಡಿಲವಾಗುತ್ತದೆ, ಧೂಳು ಎಲ್ಲಿ ಸೇರುತ್ತದೆ, ಬಳಸುವವರು ಎಲ್ಲಿ ಎಡವುತ್ತಾರೆ. ಇದು ಗೊತ್ತಿದ್ದವನೇ ಅದಕ್ಕಿಂತ ಗಟ್ಟಿಯಾದದ್ದನ್ನು ಮಾಡಬಲ್ಲ. ಅಮೆರಿಕದ ಡೇಟನ್ ಊರಿನಲ್ಲಿ 1892ರಲ್ಲಿ ಸೈಕಲ್ ಅಂಗಡಿ ತೆರೆದ ಇನ್ನಿಬ್ಬರು ಅಣ್ಣ ತಮ್ಮಂದಿರು 1903ರಲ್ಲಿ ವಿಮಾನ ಹಾರಿಸಿದರು. ರೈಟ್ ಸಹೋದರರೂ ಕೈ ಮಸಿ ಮಾಡಿಕೊಂಡೇ ಆಕಾಶಕ್ಕೆ ಏರಿದವರು.

ನಮ್ಮ ಕೈಗೆ ಏನಾಗಿದೆ?

ಈಗ ನಮ್ಮ ಕಡೆ ನೋಡೋಣ. ನನ್ನ ತರಗತಿಯಲ್ಲಿ ಫೋರ್ ಸ್ಟ್ರೋಕ್ ಇಂಜಿನ್ನಿನ ಚಿತ್ರವನ್ನು ಕಣ್ಣುಮುಚ್ಚಿ ಬರೆಯುವವರಿದ್ದಾರೆ. ಅದೇ ಇಂಜಿನ್ ಮೇಲೆ ಕುಳಿತು ದಿನಾ ಕಾಲೇಜಿಗೆ ಬರುತ್ತಾರೆ. ಪ್ಲಗ್ ಬಿಚ್ಚಿ ಒರೆಸು ಎಂದರೆ ಹಿಂದೆ ಸರಿಯುತ್ತಾರೆ. ಮನೆಗಳಲ್ಲೂ ಅಷ್ಟೇ. ಮಗ ಬಿ.ಇ. ಓದುತ್ತಿದ್ದಾನೆ, ಅವನ ಕೈಗೇಕೆ ಗ್ರೀಸು ಎನ್ನುತ್ತಾರೆ. ಹೆಣ್ಣುಮಕ್ಕಳು ಸ್ಕೂಟಿಯ ಪಕ್ಕ ಸ್ಪ್ಯಾನರ್ ಹಿಡಿದು ಕುಳಿತರಂತೂ ಬೀದಿಯೇ ನಿಂತು ನೋಡುತ್ತದೆ. ಚನ್ನಪಟ್ಟಣದ ಬೊಂಬೆಯ ಊರಿನ ಪಕ್ಕದಲ್ಲೇ ಇರುವ ನಮಗೆ ಕೈಕೆಲಸ ಕೀಳು ಎನಿಸಬಾರದಿತ್ತು. ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಏರಿಸುವ ನಮ್ಮ ಕುಶಲಕರ್ಮಿಗಳು ಲೋಕಕ್ಕೇ ಹೆಸರಾದವರು.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ನಾವು ಓಡಾಡುವುದು ಹಳೆಯ ರಸ್ತೆಯಲ್ಲಿ, ಸರ್ವಿಸ್ ರಸ್ತೆಯಲ್ಲಿ. ರಾತ್ರಿ ಎಂಟರ ಮೇಲೆ ಗಾಡಿ ನಿಂತರೆ ಗ್ಯಾರೇಜು ಮುಚ್ಚಿರುತ್ತದೆ. ಆಗ ಕೈಯಲ್ಲಿರುವ ಸಣ್ಣ ವಿದ್ಯೆಯೇ ಮನೆ ಮುಟ್ಟಿಸುವುದು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಾನು ಕಲಿಯುತ್ತಿರುವ ಕ್ರಮ ಹೇಳುತ್ತೇನೆ. ಮೊದಲ ವಾರ ಏನನ್ನೂ ಬಿಚ್ಚಬೇಡಿ. ಗಾಡಿಯ ಜೊತೆ ಕೊಟ್ಟಿರುವ ಮಾಲೀಕರ ಕೈಪಿಡಿ ಓದಿ. ನಮ್ಮಲ್ಲಿ ಬಹುತೇಕರ ಮನೆಯಲ್ಲಿ ಅದು ಪ್ಲಾಸ್ಟಿಕ್ ಕವರಿನಿಂದ ಹೊರಬಂದೇ ಇಲ್ಲ. ಟೈರಿಗೆ ಎಷ್ಟು ಗಾಳಿ, ಚೈನು ಎಷ್ಟು ಸಡಿಲವಿರಬೇಕು, ಪ್ಲಗ್ಗಿನ ಗ್ಯಾಪ್ ಎಷ್ಟು, ಎಲ್ಲ ಅದರಲ್ಲಿದೆ. ಎರಡನೆಯದಾಗಿ ಚೈನು. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಚೈನು ಒರೆಸಿ ಎಣ್ಣೆ ಹಾಕಿ. ಇಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಬೆರಳು ಒಯ್ಯಲೇಬೇಡಿ. ಮೂರನೆಯದು ಏರ್ ಫಿಲ್ಟರ್. ಮಣ್ಣು ರಸ್ತೆಯ ಊರಿನವರ ಗಾಡಿಯಲ್ಲಿ ಅದನ್ನೊಮ್ಮೆ ತೆಗೆದು ನೋಡಿದರೆ ಮೈಲೇಜ್ ಏಕೆ ಬಿದ್ದಿದೆ ಎಂದು ಅರ್ಥವಾದೀತು.

ನಾಲ್ಕನೆಯದು ಸ್ಪಾರ್ಕ್ ಪ್ಲಗ್. ಇದು ನನಗೆ ಬಹಳ ಪ್ರಿಯವಾದ ಪಾಠ, ಏಕೆಂದರೆ ಪ್ಲಗ್ ಮಾತಾಡುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ ತುದಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ. ಎಣ್ಣೆಯ ಜಿಡ್ಡಿದ್ದರೆ ಇಂಜಿನ್ ಆಯಿಲ್ ಒಳಗೆ ಸೋರುತ್ತಿದೆ. ಬಿಳುಪಾಗಿ ಸುಟ್ಟಂತಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ. ಥರ್ಮೋಡೈನಮಿಕ್ಸ್ ಪುಸ್ತಕದಲ್ಲಿ ಗಾಳಿ–ಇಂಧನದ ಅನುಪಾತ ಎಂದು ಓದಿದ್ದು ಬೆರಳ ತುದಿಯಲ್ಲಿ ಕಾಣುವುದು ಆಗಲೇ. ಮತ್ತೆ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ. ಸ್ಪ್ಯಾನರ್ ಹಾಕಿ ಒತ್ತಿದರೆ ಹೆಡ್ಡಿನ ಅಲ್ಯೂಮಿನಿಯಂ ಮರೆ ಕಿತ್ತುಹೋಗುತ್ತದೆ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಿಚ್ಚಿದ ನಟ್ಟು, ಬೋಲ್ಟು, ವಾಷರ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಇಡಿ. ಜೋಡಿಸುವಾಗ ಕೊನೆಯದರಿಂದ ಶುರು. ಬ್ರೇಕು ಮಾತ್ರ ಒಬ್ಬರೇ ಮಾಡಬೇಡಿ. ಬಲ್ಲ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಎರಡು ಮೂರು ಸಲ ಮಾಡಿಸಲಿ. ವಾರಂಟಿ ಇರುವ ಹೊಸ ಗಾಡಿಯನ್ನೂ ಬಿಚ್ಚಬೇಡಿ.

ಮೆಕ್ಯಾನಿಕ್ ಅಣ್ಣಂದಿರ ಹೊಟ್ಟೆಯ ಮೇಲೆ ಹೊಡೆಯಲು ಇದನ್ನು ಹೇಳುತ್ತಿಲ್ಲ. ಇಂಜಿನ್ ಇಳಿಸುವ ಕೆಲಸ ಅವರದೇ. ಆದರೆ ಸ್ವಲ್ಪ ತಿಳಿದು ಹೋದವನಿಗೂ ಏನೂ ತಿಳಿಯದೆ ಹೋದವನಿಗೂ ಗ್ಯಾರೇಜಿನಲ್ಲಿ ಸಿಗುವ ಮರ್ಯಾದೆಯೇ ಬೇರೆ. ರಜೆಯ ದಿನ ಅಂಥ ಒಂದು ಗ್ಯಾರೇಜಿನಲ್ಲಿ ಸುಮ್ಮನೆ ಕುಳಿತು ನೋಡಿ, ಸ್ಪ್ಯಾನರ್ ಎತ್ತಿಕೊಡಿ. ಸದ್ದು ಕೇಳಿಯೇ ಕಾಯಿಲೆ ಹೇಳುವ ಆ ಕಿವಿ ಯಾವ ಸೆಮಿಸ್ಟರಿನಲ್ಲೂ ಸಿಗುವುದಿಲ್ಲ.

ಸೈಕಲ್‌ನಿಂದ ಹರಿಹರದವರೆಗೆ

ಕಿರ್ಲೋಸ್ಕರ್‌ವಾಡಿಯಲ್ಲಿ ನೇಗಿಲಿನ ನಂತರ ಪಂಪು ಬಂತು, ಡೀಸೆಲ್ ಇಂಜಿನ್ ಬಂತು. ಮಗ ಶಂತನುರಾವ್ ಅಮೆರಿಕದಲ್ಲಿ ಇಂಜಿನಿಯರಿಂಗ್ ಓದಿ ಬಂದು ಅಪ್ಪನ ಜೊತೆ ನಿಂತರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಯಂತ್ರಗಳನ್ನು ಮಾಡತೊಡಗಿತು. ಯಂತ್ರಗಳನ್ನು ಮಾಡುವ ಯಂತ್ರವೇ ಲೇತ್. ಸಾವಿರಾರು ಐಟಿಐ ಹುಡುಗರು ಮೊದಲ ಕಬ್ಬಿಣದ ಚೂರು ತೆಗೆದದ್ದು ಅಂಥ ಲೇತ್‌ಗಳ ಮೇಲೆ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿತು. ಗುರ್ಲಹೊಸೂರಿನಿಂದ ಹೊರಟ ಹುಡುಗನ ಹೆಸರು ಹೀಗೆ ತಿರುಗಿ ಕನ್ನಡ ನಾಡಿಗೇ ಬಂತು. ಲಕ್ಷ್ಮಣರಾಯರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಅವರು ಹುಟ್ಟಿ ನೂರು ವರ್ಷವಾದ 1969ರಲ್ಲಿ ಭಾರತ ಸರ್ಕಾರ ಅವರ ಅಂಚೆ ಚೀಟಿ ತಂದಿತು.

ಗೆಳೆಯರೇ, ಗೆಳತಿಯರೇ, ನಾವೆಲ್ಲ ಕಾರ್ಖಾನೆ ಕಟ್ಟಲಿಕ್ಕಿಲ್ಲ. ಆದರೆ ಪದವಿ ಮುಗಿಸಿ ಕೆಲಸಕ್ಕೆ ಕಾಯುವ ತಿಂಗಳುಗಳು ನಮ್ಮಲ್ಲಿ ಎಷ್ಟೋ ಜನರಿಗೆ ಬರುತ್ತವೆ. ಆ ದಿನಗಳಲ್ಲಿ ನನ್ನ ಕೈಲಿ ಏನೂ ಆಗುವುದಿಲ್ಲ ಎಂಬ ಭಾವನೆ ಮೆಲ್ಲಗೆ ಮನೆ ಮಾಡುತ್ತದೆ. ಕೆಟ್ಟು ನಿಂತ ಗಾಡಿಯನ್ನು ನಾವೇ ಬಿಚ್ಚಿ, ಒರೆಸಿ, ಜೋಡಿಸಿ, ಕಿಕ್ ಹೊಡೆದಾಗ ಅದು ಸ್ಟಾರ್ಟ್ ಆದರೆ, ಆ ಭಾವನೆ ಹೊಗೆಯ ಜೊತೆಗೇ ಹೊರಗೆ ಹೋಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಪ್ಲಗ್ ಸ್ಪ್ಯಾನರ್, ಒಂದು ಹಳೆಯ ಬಟ್ಟೆ, ಒಂದು ಭಾನುವಾರ. ಈ ಭಾನುವಾರವೇ ಆಗಲಿ.